ಬೆಳ್ಳಿತೆರೆಯ ಹಿಂದಿನ ಹೊಗೆ: ಚಲನಚಿತ್ರ ತಯಾರಿಕೆ ಮತ್ತು ಪರಿಸರ



ಚಲನಚಿತ್ರ ಮುಗಿದ ಮೇಲೆ ತೆರೆಯ ಮೇಲೆ ಹೆಸರುಗಳು ಒಂದರ ಹಿಂದೊಂದು ಸಾಗುವುದನ್ನು ನೀವು ನೋಡಿದ್ದೀರಿ. ನಿರ್ದೇಶಕರು, ಛಾಯಾಗ್ರಾಹಕರು, ಸಂಕಲನಕಾರರು, ಬೆಳಕಿನ ವಿಭಾಗದವರು, ವಸ್ತ್ರಾಲಂಕಾರ ಮತ್ತು ಪ್ರಸಾಧನದವರು, ಊಟ ಬಡಿಸಿದವರು, ಹೀಗೆ ಎಲ್ಲರ ಹೆಸರೂ ಅಲ್ಲಿರುತ್ತದೆ. ಆದರೆ ಆ ಪಟ್ಟಿಯಲ್ಲಿ ಎಂದೂ ಕಾಣಿಸದ ಕೆಲವು ಲೆಕ್ಕಗಳಿವೆ. ಈ ಚಿತ್ರಕ್ಕಾಗಿ ಎಷ್ಟು ಲೀಟರ್ ಡೀಸೆಲ್ ಉರಿಯಿತು? ಎಷ್ಟು ಪ್ಲೈವುಡ್ ಹಲಗೆಗಳು ಒಂದು ವಾರ ಅರಮನೆಯಾಗಿ ನಿಂತು ಆಮೇಲೆ ಕಸದ ಲಾರಿ ಏರಿದವು? ಚಿತ್ರೀಕರಣ ನಡೆದ ಹೊಳೆದಂಡೆ, ಕಾಡಂಚು, ಬೆಟ್ಟದ ತಪ್ಪಲು ತಂಡ ಹೊರಟುಹೋದ ಮೇಲೆ ಹೇಗಿದ್ದವು?

ಸಿನಿಮಾ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಸಿನಿಮಾ ನಮಗೆಲ್ಲ ಬೇಕು. ಅದನ್ನೇ ನಂಬಿ ಬದುಕುವ ಸಾವಿರಾರು ಕುಟುಂಬಗಳೂ ಇವೆ. ನಿಮ್ಮಲ್ಲಿಯೂ ಕೆಲವರು ನಾಳೆ ಈ ಕ್ಷೇತ್ರಕ್ಕೆ ಬರುವವರೇ. ಆದ್ದರಿಂದ ಒಳ್ಳೆಯ ಚಿತ್ರವನ್ನು ಪರಿಸರಕ್ಕೆ ಕಡಿಮೆ ಹೊರೆಯಾಗುವಂತೆ ಮಾಡುವುದು ಹೇಗೆಂಬುದು ನಿಮಗೆ ಸಂಬಂಧಪಟ್ಟ ಪ್ರಶ್ನೆಯೇ ಆಗಿದೆ. ಇದಕ್ಕೆ ಉತ್ತರ ಹುಡುಕುತ್ತ ಹೋದಂತೆ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಒಂದು ಚಿತ್ರದಿಂದ ಪರಿಸರದ ಮೇಲೆ ಬೀಳುವ ಹೊರೆಯ ಬಹುಭಾಗ ಕ್ಯಾಮೆರಾ ಓಡುವ ಮೊದಲೇ, ಯೋಜನೆ ಹಾಕುವ ಮೇಜಿನ ಮೇಲೆಯೇ ನಿರ್ಧಾರವಾಗಿಬಿಟ್ಟಿರುತ್ತದೆ.

ಮೊದಲು ಅಳತೆ

ರೋಗಿ ಬಂದಾಗ ವೈದ್ಯರು ಮೊದಲು ಜ್ವರ ಎಷ್ಟಿದೆ ಎಂದು ನೋಡುತ್ತಾರೆ, ಔಷಧ ಆಮೇಲೆ. ಚಿತ್ರ ತಯಾರಿಕೆಯಲ್ಲಿಯೂ ಈ ಕ್ರಮವೇ ಸರಿ. ಬ್ರಿಟನ್ನಿನ ಚಲನಚಿತ್ರ ಮತ್ತು ದೂರದರ್ಶನ ಕಲೆಗಳ ಅಕಾಡೆಮಿಯಾದ 'ಬಾಫ್ಟಾ'ದ ಆಶ್ರಯದಲ್ಲಿ 2011ರಿಂದ 'ಆಲ್ಬರ್ಟ್' ಎಂಬ ವ್ಯವಸ್ಥೆಯೊಂದು ನಡೆಯುತ್ತಿದೆ. ಅದರ ಮೂಲ ಲೆಕ್ಕಪದ್ಧತಿಯನ್ನು ರೂಪಿಸಿದ್ದು ಬಿಬಿಸಿ. ತಂಡದವರು ಎಷ್ಟು ದೂರ ಪ್ರಯಾಣ ಮಾಡಿದರು, ಎಷ್ಟು ಇಂಧನ ಬಳಸಿದರು, ಎಷ್ಟು ವಿದ್ಯುತ್ ಖರ್ಚಾಯಿತು, ಎಷ್ಟು ಮಂದಿ ಎಷ್ಟು ರಾತ್ರಿ ಹೋಟೆಲಿನಲ್ಲಿ ತಂಗಿದರು, ಯಾವ ಸಾಮಗ್ರಿಯಿಂದ ಸೆಟ್ ಕಟ್ಟಿದರು ಎಂಬುದನ್ನೆಲ್ಲ ಬರೆದುಕೊಟ್ಟರೆ ಆ ಕಾರ್ಯಕ್ರಮದಿಂದ ವಾತಾವರಣಕ್ಕೆ ಸೇರಿದ ಇಂಗಾಲದ ಪ್ರಮಾಣ ಟನ್ನುಗಳಲ್ಲಿ ದೊರೆಯುತ್ತದೆ.

ಅಮೆರಿಕದ ದೊಡ್ಡ ಚಿತ್ರಸಂಸ್ಥೆಗಳು ಸೇರಿಕೊಂಡ ಒಕ್ಕೂಟವೊಂದು 2021ರಲ್ಲಿ ತನ್ನ ಲೆಕ್ಕವನ್ನು ಪ್ರಕಟಿಸಿತು. ಅದರ ಪ್ರಕಾರ ಭಾರಿ ವೆಚ್ಚದ ಒಂದು ಹಾಲಿವುಡ್ ಚಿತ್ರದಿಂದ ಸರಾಸರಿ 3,370 ಟನ್, ಸಣ್ಣ ವೆಚ್ಚದ ಚಿತ್ರದಿಂದ ಸರಾಸರಿ 391 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲಗಳು ಹೊರಬೀಳುತ್ತವೆ. ಇಲ್ಲಿ ಗಮನಿಸಬೇಕಾದ್ದು ಮೊತ್ತಕ್ಕಿಂತ ಅದರ ಹಂಚಿಕೆ. ಭಾರಿ ಚಿತ್ರಗಳಲ್ಲಿ ಸುಮಾರು ಅರ್ಧದಷ್ಟು ಹೊರೆ ಇಂಧನದಿಂದಲೇ, ಅಂದರೆ ವಾಹನಗಳಿಂದ ಮತ್ತು ಜನರೇಟರ್‌ಗಳಿಂದ ಬರುತ್ತದೆ. ಅದರ ನಂತರದ ದೊಡ್ಡ ಪಾಲು ವಿಮಾನ ಪ್ರಯಾಣದ್ದು.

ಇದು ನಮ್ಮ ಸಾಮಾನ್ಯ ಊಹೆಗೆ ವಿರುದ್ಧವಾಗಿದೆಯಲ್ಲವೇ? ಚಿತ್ರೀಕರಣದ ಜಾಗದಲ್ಲಿ ಪರಿಸರ ಎಂದೊಡನೆ ನಮ್ಮ ಕಣ್ಣಿಗೆ ಬೀಳುವುದು ಚೆಲ್ಲಿದ ನೀರಿನ ಬಾಟಲಿಗಳು ಮತ್ತು ಕಾಗದದ ಲೋಟಗಳು. ಅವನ್ನು ತಡೆಯಬೇಕಾದ್ದು ನಿಜ. ಆದರೆ ಬಾಟಲಿಗಳನ್ನೆಲ್ಲ ಆರಿಸಿ ಚೀಲ ತುಂಬಿ, ಪಕ್ಕದಲ್ಲೇ ಗುಡುಗುಡಿಸುತ್ತಿರುವ ಜನರೇಟರನ್ನು ಮರೆತರೆ ದೊಡ್ಡ ಸೋರಿಕೆ ಬಿಟ್ಟು ಸಣ್ಣ ಸೋರಿಕೆಗೆ ತೇಪೆ ಹಾಕಿದಂತಾಯಿತು.

ಒಂದು ಲೀಟರ್ ಡೀಸೆಲ್ಲಿನ ಲೆಕ್ಕ

ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 840 ಗ್ರಾಂ. ಅದು ಉರಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2.7 ಕಿಲೋಗ್ರಾಂ. 840 ಗ್ರಾಂ ದ್ರವದಿಂದ ಅದರ ಮೂರು ಪಟ್ಟಿಗೂ ಹೆಚ್ಚು ತೂಕದ ಅನಿಲ ಬರುವುದು ಹೇಗೆ? ನಿಮ್ಮ ರಸಾಯನಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಿ. ಡೀಸೆಲ್ಲಿನಲ್ಲಿ ತೂಕದ ಪ್ರಕಾರ ಶೇಕಡಾ 86ರಷ್ಟು ಇಂಗಾಲವಿದೆ. ಉರಿಯುವಾಗ ಪ್ರತಿಯೊಂದು ಇಂಗಾಲದ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕದ ಪರಮಾಣುಗಳನ್ನು ಸೇರಿಸಿಕೊಳ್ಳುತ್ತದೆ. 12 ಗ್ರಾಂ ಇಂಗಾಲ 32 ಗ್ರಾಂ ಆಮ್ಲಜನಕದೊಡನೆ ಕೂಡಿ 44 ಗ್ರಾಂ ಆಗುತ್ತದೆ. ತೂಕ ಹೆಚ್ಚುವುದು ಹೀಗೆ.

ಈಗ ಒಂದು ಕಲ್ಪಿತ ಚಿತ್ರೀಕರಣವನ್ನು ತೆಗೆದುಕೊಳ್ಳೋಣ. ಜನರೇಟರ್ ವ್ಯಾನು ಗಂಟೆಗೆ 15 ಲೀಟರ್ ಡೀಸೆಲ್ ಕುಡಿಯುತ್ತದೆ, ದಿನಕ್ಕೆ 10 ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 150 ಲೀಟರ್, ಅಂದರೆ 405 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್. 50 ದಿನಗಳಿಗೆ 20 ಟನ್ನಿಗೂ ಸ್ವಲ್ಪ ಹೆಚ್ಚು. ಇನ್ನು ವಾಹನಗಳು. ಕಲಾವಿದರು, ತಂತ್ರಜ್ಞರು, ಲೈಟು, ಕ್ಯಾಮೆರಾ, ಉಡುಪು, ಅಡುಗೆ ಇವಕ್ಕೆಲ್ಲ ಸೇರಿ 20 ವಾಹನಗಳು, ಪ್ರತಿಯೊಂದೂ ಹೋಗಿಬರಲು ದಿನಕ್ಕೆ 80 ಕಿಲೋಮೀಟರ್ ಓಡುತ್ತದೆ, ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ ಎನ್ನೋಣ. ಒಟ್ಟು 160 ಲೀಟರ್, 432 ಕಿಲೋಗ್ರಾಂ. ಜನರೇಟರಿನಷ್ಟೇ ಹೊರೆ ವಾಹನಗಳದ್ದೂ ಆಯಿತು.

ತಂಡ ಉಳಿದುಕೊಳ್ಳುವ ಊರನ್ನು ಚಿತ್ರೀಕರಣದ ಜಾಗದಿಂದ 40 ಕಿಲೋಮೀಟರ್ ಬದಲು 10 ಕಿಲೋಮೀಟರ್ ದೂರದಲ್ಲಿ ಆರಿಸಿದ್ದರೆ ಏನಾಗುತ್ತಿತ್ತು? ವಾಹನಗಳ ಹೊಗೆ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತಿತ್ತು. ಬಿಡಿ ಕಾರುಗಳ ಬದಲು ಒಂದು ಬಸ್ಸು ಓಡಿಸಿದ್ದರೆ ಇನ್ನೂ ಇಳಿಯುತ್ತಿತ್ತು. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಜಾಗ ನೋಡಲು ಹೋದವರು ಆ ದಿನವೇ ಯೋಚಿಸಿದ್ದರೆ ಸಾಕಿತ್ತು. ಹಾಗೆಯೇ ಒಂದೇ ಊರಿನ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುವಂತೆ ವೇಳಾಪಟ್ಟಿ ಹಾಕಿದರೆ ಲಾರಿಗಳು ಎರಡೆರಡು ಸಲ ಘಾಟಿ ಹತ್ತಿ ಇಳಿಯುವುದು ತಪ್ಪುತ್ತದೆ. ನಿರ್ಮಾಪಕರ ಜೇಬಿಗೂ ಇದರಿಂದ ಲಾಭವೇ.

ಈ ಹೊಗೆಗೆ ಇನ್ನೊಂದು ಮುಖವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಚಿತ್ರೀಕರಣದಲ್ಲಿ ಈ ಹೊಗೆಯ ಪಕ್ಕದಲ್ಲಿ ದಿನವಿಡೀ ನಿಲ್ಲುವವರು ತಾರೆಯರಲ್ಲ. ಜನರೇಟರ್ ನೋಡಿಕೊಳ್ಳುವವರು, ಕೇಬಲ್ ಎಳೆಯುವವರು, ಲೈಟ್ ಹುಡುಗರು. ಪರಿಸರದ ಮಾತು ಕಾಡು, ಕಡಲಿಗೆ ಮಾತ್ರ ಸಂಬಂಧಿಸಿದ್ದಲ್ಲ, ಕೆಲಸಗಾರರ ಶ್ವಾಸಕೋಶಕ್ಕೂ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು.

ಬೆಳಕು ಎಷ್ಟು, ಬಿಸಿ ಎಷ್ಟು?

ಜನರೇಟರ್ ಇಷ್ಟು ದೊಡ್ಡದಾಗಿ ಏಕೆ ಬೇಕು? ಮುಖ್ಯವಾಗಿ ದೀಪಗಳಿಗಾಗಿ. ಬಹುಕಾಲ ಸ್ಟುಡಿಯೋಗಳನ್ನು ಬೆಳಗಿದ್ದು ಟಂಗ್‌ಸ್ಟನ್ ತಂತಿಯ ದೀಪಗಳು. ತಂತಿ ಕಾದು ಬೆಳ್ಳಗಾಗಿ ಬೆಳಕು ಕೊಡುವ ಈ ದೀಪಗಳಲ್ಲಿ ವಿದ್ಯುತ್ತಿನ ಶೇಕಡಾ 90ಕ್ಕೂ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ಆ ಶಾಖಕ್ಕೆ ನಟರ ಬಣ್ಣ ಕರಗುತ್ತದೆ, ಅದನ್ನು ತಡೆಯಲು ಹವಾನಿಯಂತ್ರಣ ಯಂತ್ರ ಓಡಿಸಬೇಕಾಗುತ್ತದೆ. ಒಂದು ಕೈಯಲ್ಲಿ ಒಲೆ ಊದಿ ಇನ್ನೊಂದು ಕೈಯಲ್ಲಿ ಬೀಸಣಿಗೆ ಬೀಸಿದಂತೆ!

ಈಗಿನ ಎಲ್‌ಇಡಿ ದೀಪಗಳು ಅದೇ ಬೆಳಕನ್ನು ಸುಮಾರು ಐದರಲ್ಲಿ ಒಂದು ಭಾಗ ವಿದ್ಯುತ್ತಿನಲ್ಲಿ ಕೊಡಬಲ್ಲವು. ಇದರ ಪರಿಣಾಮ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಗುತ್ತದೆ. ವಿದ್ಯುತ್ ಕಡಿಮೆಯಾದರೆ ಚಿಕ್ಕ ಜನರೇಟರ್ ಸಾಕು, ತೆಳು ಕೇಬಲ್ ಸಾಕು, ಸಾಗಿಸಲು ಚಿಕ್ಕ ವಾಹನ ಸಾಕು. ಸಣ್ಣ ದೃಶ್ಯಗಳಿಗೆ ಬ್ಯಾಟರಿಯೇ ಸಾಕಾಗುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ದೀಪಗಳನ್ನು ಬದಲಿಸಿ ಹಳೆಯ ದೊಡ್ಡ ಜನರೇಟರನ್ನೇ ಓಡಿಸುತ್ತಿದ್ದರೆ ಲಾಭ ಅರ್ಧಕ್ಕೇ ನಿಲ್ಲುತ್ತದೆ. ತನ್ನ ಸಾಮರ್ಥ್ಯಕ್ಕಿಂತ ತೀರ ಕಡಿಮೆ ಹೊರೆ ಹೊತ್ತ ಜನರೇಟರ್ ಪ್ರತಿ ಯೂನಿಟ್ ವಿದ್ಯುತ್ತಿಗೂ ಹೆಚ್ಚು ಡೀಸೆಲ್ ಸುಡುತ್ತದೆ. ಒಂದು ಲೋಟ ಕಾಫಿಗೆ ಸ್ನಾನದ ಹಂಡೆಯ ಒಲೆ ಹೊತ್ತಿಸಿದಂತೆ ಇದು.

ಸಾಧ್ಯವಿದ್ದಲ್ಲಿ ಊರಿನ ವಿದ್ಯುತ್ ಮಾರ್ಗದಿಂದಲೇ ತಾತ್ಕಾಲಿಕ ಸಂಪರ್ಕ ಪಡೆಯುವುದು ಇನ್ನೂ ಒಳ್ಳೆಯದು. ನಮ್ಮ ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಇನ್ನೂ ದೊಡ್ಡದಾದ್ದರಿಂದ ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದೇನೂ ಸೊನ್ನೆಯಲ್ಲ. ಆದರೂ ಡೀಸೆಲ್ ಜನರೇಟರಿಗಿಂತ ಇದು ಮೇಲು, ಚಿತ್ರೀಕರಣದ ಜಾಗದಲ್ಲಿ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಶರಾವತಿಯ ಜಲವಿದ್ಯುತ್, 2,050 ಮೆಗಾವ್ಯಾಟ್ ಸಾಮರ್ಥ್ಯದ ಪಾವಗಡದ ಸೌರ ಉದ್ಯಾನ, ಗಾಳಿಯಂತ್ರಗಳು ಇವೆಲ್ಲ ಇರುವ ಕರ್ನಾಟಕದಲ್ಲಿ ಈ ಮಾರ್ಗಕ್ಕೆ ಹೆಚ್ಚಿನ ಅರ್ಥವಿದೆ.

ಇನ್ನು, ಅತಿ ದೊಡ್ಡ ದೀಪ ನಮ್ಮ ತಲೆಯ ಮೇಲೆಯೇ ಇದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಮಾಡಿದ ಒಂದು ಕೆಲಸ ಇಂದಿಗೂ ಪಾಠದಂತಿದೆ. ವಿಶಾಲವಾದ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ಒಂದೇ ಬೆಳಕಿನ ಕಂಬ ಇಳಿದಂತೆ ಕಾಣಬೇಕಿತ್ತು. ದೀಪ ಹಚ್ಚಿದರೆ ಅದರ ಕಿರಣಗಳು ದೂರ ಹೋದಂತೆಲ್ಲ ಹರಡಿಕೊಳ್ಳುತ್ತವೆ. ಬಹುದೂರದಿಂದ ಬರುವ ಸೂರ್ಯನ ಕಿರಣಗಳಾದರೋ ಬಹುಮಟ್ಟಿಗೆ ಸಮಾನಾಂತರ. ಮೂರ್ತಿಯವರು ಹೊರಗೊಂದು ದೊಡ್ಡ ಕನ್ನಡಿಯಿಟ್ಟು ಬಿಸಿಲನ್ನು ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಅವರು ಇದನ್ನು ಮಾಡಿದ್ದು ಚೆಲುವಿಗಾಗಿ, ಪರಿಸರಕ್ಕಾಗಿ ಅಲ್ಲ. ಆದರೆ ಬೆಳಕನ್ನು ಅರಿತ ಕಲಾವಿದ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚಿನದನ್ನು ಸಾಧಿಸಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ? 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು.

ಹಾಗೆಯೇ ಬಂಗಾಳದ ಸುಬ್ರತ ಮಿತ್ರ ಅವರು 1956ರ 'ಅಪರಾಜಿತೊ' ಚಿತ್ರದಲ್ಲಿ, ಮನೆಯಂಗಳದ ಸೆಟ್ಟಿನ ಮೇಲೆ ಬಟ್ಟೆ ಕಟ್ಟಿ, ದೀಪದ ಬೆಳಕನ್ನು ಅದಕ್ಕೆ ಬಡಿಸಿ ಮೃದುವಾಗಿಸಿದರು. ಇಂದು ನಮ್ಮ ಚಿತ್ರೀಕರಣಗಳಲ್ಲಿ ಬೆಳಕನ್ನು ಹೀಗೆ ಹಾಯಿಸಲು ಥರ್ಮಾಕೋಲ್ ಹಾಳೆಗಳನ್ನು ಧಾರಾಳವಾಗಿ ಬಳಸುತ್ತಾರೆ. ಅವು ಹಗುರ, ಅಗ್ಗ, ಬಹುಬೇಗ ಮುರಿಯುತ್ತವೆ. ಮುರಿದ ಚೂರುಗಳು ಗಾಳಿಗೆ ಹಾರಿ ಗದ್ದೆ, ಹಳ್ಳ ಸೇರುತ್ತವೆ, ಕೊಳೆಯುವುದೇ ಇಲ್ಲ. ಚೌಕಟ್ಟಿಗೆ ಬಿಗಿದ ಬಿಳಿಯ ಬಟ್ಟೆ ಅದೇ ಕೆಲಸವನ್ನು ವರ್ಷಗಟ್ಟಲೆ ಮಾಡುತ್ತದೆ.

ಒಂದು ವಾರದ ಅರಮನೆ

ಈಗ ಸೆಟ್ಟಿನ ವಿಷಯಕ್ಕೆ ಬರೋಣ. ಪ್ಲೈವುಡ್, ಮರದ ರೀಪು, ಪ್ಲಾಸ್ಟರ್ ಆಫ್ ಪ್ಯಾರಿಸ್, ಫೈಬರ್, ಥರ್ಮಾಕೋಲ್, ಬಣ್ಣ ಇವುಗಳಿಂದ ಕೋಟೆಯೂ ಆಗುತ್ತದೆ, ಕೇರಿಯೂ ಆಗುತ್ತದೆ. ದೃಶ್ಯ ಮುಗಿದೊಡನೆ ಜಾಗ ಖಾಲಿ ಮಾಡುವ ಅವಸರ. ಬಾಡಿಗೆ ಏರುತ್ತಿರುತ್ತದೆ. ಆಗ ಒಡೆದು ರಾಶಿ ಹಾಕುವುದೇ ಸುಲಭವಾಗಿ ಕಾಣುತ್ತದೆ. ಈ ರಾಶಿ ನಿರುಪದ್ರವಿಯಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಹಸಿಕಸದೊಡನೆ ಸೇರಿ, ಗಾಳಿಯಾಡದ ಒದ್ದೆ ಜಾಗದಲ್ಲಿ ಹೂತುಹೋದರೆ, ಬ್ಯಾಕ್ಟೀರಿಯಾಗಳು ಅದರಿಂದ ಹೈಡ್ರೋಜನ್ ಸಲ್ಫೈಡನ್ನು ಉಂಟುಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಅದು.

ಇದಕ್ಕೆ ಪರಿಹಾರವಿಲ್ಲವೇ? 2003ರಲ್ಲಿ ಬಿಡುಗಡೆಯಾದ 'ಮ್ಯಾಟ್ರಿಕ್ಸ್' ಸರಣಿಯ ಎರಡು ಚಿತ್ರಗಳ ಸೆಟ್ ಸಾಮಗ್ರಿಯಲ್ಲಿ ಶೇಕಡಾ 97.5ರಷ್ಟನ್ನು ಮರುಬಳಕೆಗೆ ಒದಗಿಸಲಾಯಿತು. ಅದರ ಮರಮುಟ್ಟಿನಲ್ಲಿ ಒಂದಷ್ಟು ಮೆಕ್ಸಿಕೋದಲ್ಲಿ ಬಡವರ ಮನೆಗಳಿಗೆ ಬಳಕೆಯಾಯಿತು. ಹೀಗಾಗಬೇಕಾದರೆ ಸೆಟ್ ಕಟ್ಟುವಾಗಲೇ ಅದನ್ನು ಬಿಚ್ಚುವ ರೀತಿಯನ್ನೂ ಯೋಚಿಸಿರಬೇಕು. ಅಂಟು ಹಾಕಿ ಮೊಳೆ ಹೊಡೆದ ಗೋಡೆಯನ್ನು ಒಡೆಯಬೇಕಾಗುತ್ತದೆ, ತಿರುಪು ಹಾಕಿದ ಗೋಡೆಯನ್ನು ಬಿಚ್ಚಿಡಬಹುದು. ಒಡೆದದ್ದು ಕಸ, ಬಿಚ್ಚಿದ್ದು ಸಾಮಾನು.

ನಮಗೆ ಈ ವಿವೇಕ ಹೊಸದೇನಲ್ಲ. ಊರಿಂದೂರಿಗೆ ಸಂಚರಿಸುತ್ತಿದ್ದ ನಮ್ಮ ವೃತ್ತಿನಾಟಕ ಕಂಪನಿಗಳು ಬಣ್ಣ ಬರೆದ ಪರದೆಗಳನ್ನು ಸುರುಳಿ ಸುತ್ತಿ ಹೊತ್ತೊಯ್ಯುತ್ತಿದ್ದವು. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಹತ್ತಾರು ನಾಟಕಗಳಿಗೆ, ಹಲವು ವರ್ಷ ಒದಗುತ್ತಿದ್ದವು. ಒಂದು ಊರಿನ ಚಿತ್ರತಂಡಗಳೆಲ್ಲ ಸೇರಿ ಬಾಗಿಲು, ಕಿಟಕಿ, ಕಂಬ, ಗೋಡೆಚೌಕಟ್ಟುಗಳಿಗೆ ಒಂದು ಉಗ್ರಾಣವಿಟ್ಟುಕೊಂಡರೆ ಅದೇ ವಿವೇಕ ಇಂದಿನ ರೂಪ ತಾಳುತ್ತದೆ.

ಇರುವ ಊರನ್ನೇ ಬಳಸುವುದು ಮತ್ತೊಂದು ದಾರಿ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ದೂರದರ್ಶನಕ್ಕಾಗಿ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಮಾಡಿದಾಗ ಅದರ ಬಹುಭಾಗ ಚಿತ್ರಿತವಾದದ್ದು ಆಗುಂಬೆಯಲ್ಲಿ. ಅಲ್ಲಿನ ಹಳೆಯ ದೊಡ್ಡಮನೆಯೇ ಕಥೆಯ ಮನೆಯಾಯಿತು. ಕಲಾನಿರ್ದೇಶಕ ಜಾನ್ ದೇವರಾಜ್ ಅವರು ಇದ್ದ ಊರಿಗೆ ಬೇಕಾದ್ದನ್ನು ಜೋಡಿಸಿ ಮಾಲ್ಗುಡಿ ಮಾಡಿದರು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವೂ ಆ ಧಾರಾವಾಹಿಯಲ್ಲಿ ಬಂದಿತು. ಅದರ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಚಿತ್ರೀಕರಣ ಒಂದು ಜಾಗಕ್ಕೆ ಕಸ ಬಿಡದೆ ಹೆಸರು ಬಿಟ್ಟುಹೋಗಬಲ್ಲುದು ಎಂಬುದಕ್ಕೆ ಇದು ಸಾಕ್ಷಿ.

ಜಾಗಕ್ಕೆ ಆಗುವ ಗಾಯ

ಇದಕ್ಕೆ ವಿರುದ್ಧವಾದ ಕಥೆಯೊಂದು ಥಾಯ್ಲೆಂಡಿನದು. 2000ದಲ್ಲಿ ತೆರೆಕಂಡ 'ದ ಬೀಚ್' ಎಂಬ ಹಾಲಿವುಡ್ ಚಿತ್ರಕ್ಕಾಗಿ ಫಿ ಫಿ ಲೇ ದ್ವೀಪದ ಮಾಯಾ ಕೊಲ್ಲಿಯಲ್ಲಿ 1999ರಲ್ಲಿ ಚಿತ್ರೀಕರಣ ನಡೆಯಿತು. ಅದು ರಾಷ್ಟ್ರೀಯ ಉದ್ಯಾನದ ಪ್ರದೇಶ. ಕಡಲತೀರ ಇನ್ನಷ್ಟು 'ಸ್ವರ್ಗದಂತೆ' ಕಾಣಲೆಂದು ಮರಳದಿಬ್ಬಗಳನ್ನು ಯಂತ್ರದಿಂದ ಸವರಿ, ಅಲ್ಲಿನ ಸಹಜ ಗಿಡಗಳನ್ನು ಕಿತ್ತು, ತೆಂಗಿನ ಮರಗಳನ್ನು ತಂದು ನೆಟ್ಟರು. ಮರಳನ್ನು ಹಿಡಿದಿಡುತ್ತಿದ್ದುದು ಆ ಗಿಡಗಳ ಬೇರುಗಳೇ. ಸ್ಥಳೀಯರು ನ್ಯಾಯಾಲಯಕ್ಕೆ ಹೋದರು. ಪರಿಸರಕ್ಕೆ ಹಾನಿಯಾಗಿದೆ ಎಂಬ ತೀರ್ಪನ್ನು 2006ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಚಿತ್ರ ನೋಡಿದವರೆಲ್ಲ ಆ ಕೊಲ್ಲಿಯನ್ನು ಕಣ್ಣಾರೆ ಕಾಣಲು ಬಂದರು. ದಿನಕ್ಕೆ ಸಾವಿರಾರು ಪ್ರವಾಸಿಗರು, ಅವರ ದೋಣಿಗಳು, ಲಂಗರುಗಳಿಗೆ ಸಿಕ್ಕಿದ ಹವಳದ ದಿಬ್ಬಗಳು. ಕೊನೆಗೆ 2018ರ ಜೂನ್‌ನಲ್ಲಿ ಸರ್ಕಾರ ಕೊಲ್ಲಿಯನ್ನೇ ಮುಚ್ಚಬೇಕಾಯಿತು. 2022ರ ಜನವರಿಯಲ್ಲಿ ಅದನ್ನು ತೆರೆದಾಗ ಜನರ ಸಂಖ್ಯೆಗೆ ಮಿತಿ ಬಂತು, ದೋಣಿಗಳು ಕೊಲ್ಲಿಯೊಳಗೆ ಬರುವುದು ನಿಂತಿತು. ತಂಡ ಇದ್ದದ್ದು ಕೆಲವು ವಾರ, ಪರಿಣಾಮ ಉಳಿದದ್ದು ಎರಡು ದಶಕ. ಜಾಗ ಆರಿಸುವವರು ಚಿತ್ರೀಕರಣದ ದಿನಗಳ ಜೊತೆಗೆ ಚಿತ್ರ ಗೆದ್ದ ನಂತರದ ದಿನಗಳನ್ನೂ ಯೋಚಿಸಬೇಕು.

ಪಶ್ಚಿಮಘಟ್ಟದ ಮಡಿಲಲ್ಲಿರುವ ನಮಗೆ ಇದು ದೂರದ ಮಾತಲ್ಲ. 2025ರ ಏಪ್ರಿಲ್‌ನಲ್ಲಿ ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಮಲಯಾಳಂ ಚಿತ್ರವೊಂದರ ಚಿತ್ರೀಕರಣ ನಡೆದಾಗ ಪರಿಸರಾಸಕ್ತರು ಆಕ್ಷೇಪವೆತ್ತಿದರು. ಹುಲಿ ಮೀಸಲು ಪ್ರದೇಶದಲ್ಲಿ ಇಷ್ಟು ಜನ, ಇಷ್ಟು ವಾಹನ ಸರಿಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಚಿತ್ರೀಕರಣದ ಮಾತು ಸ್ಪಷ್ಟವಾಗಿ ಬಂದಿದೆ. ವನ್ಯಧಾಮದೊಳಗೆ ಅನುಮತಿ ಪಡೆದು ಚಿತ್ರೀಕರಿಸುವವರು ಪ್ರಾಣಿಗಳ ನೆಲೆಯಲ್ಲಿ ಯಾವ ಬದಲಾವಣೆಯನ್ನೂ ಮಾಡಬಾರದು, ನೆಲೆಗಾಗಲಿ ವನ್ಯಜೀವಿಗಳಿಗಾಗಲಿ ತೊಂದರೆ ಉಂಟುಮಾಡಬಾರದು. ರಾತ್ರಿಯ ದೀಪ, ಧ್ವನಿವರ್ಧಕ, ಹೊಗೆಯಂತ್ರ ಇವು ನಮಗೆ ಕ್ಷಣಿಕವಾಗಿ ಕಾಣಬಹುದು. ಮರಿಗಳಿಗೆ ಆಹಾರ ತರುವ ಹಕ್ಕಿಗೂ ನೀರಿಗೆ ಇಳಿಯುವ ಆನೆಗೂ ಅವು ಹಾಗಲ್ಲ.

ರೀಲು ಹೋಯಿತು, ಹೊರೆ ಹೋಯಿತೇ?

'ಈಗ ಎಲ್ಲವೂ ಡಿಜಿಟಲ್, ಮಾಲಿನ್ಯವೆಲ್ಲಿ?' ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಹಿಂದೆ 35 ಮಿಲಿಮೀಟರ್ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತಿತ್ತು. ಎರಡೂವರೆ ಗಂಟೆಯ ಚಿತ್ರಕ್ಕೆ 13,500 ಅಡಿ, ಅಂದರೆ 4 ಕಿಲೋಮೀಟರಿಗೂ ಹೆಚ್ಚು. 100 ಚಿತ್ರಮಂದಿರಗಳಿಗೆ 100 ಪ್ರತಿಗಳೆಂದರೆ ಸುಮಾರು 410 ಕಿಲೋಮೀಟರ್ ಫಿಲ್ಮ್. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ರಸ್ತೆಯುದ್ದಕ್ಕೂ ಹಾಸಬಹುದಾದಷ್ಟು! ಅದನ್ನು ತೊಳೆಯಲು ರಾಸಾಯನಿಕಗಳು, ಆ ರಾಸಾಯನಿಕಗಳಲ್ಲಿ ಕರಗಿದ ಬೆಳ್ಳಿ, ತಗಡಿನ ಡಬ್ಬಗಳ ಸಾಗಾಟ. ಇವೆಲ್ಲ ಬಹುಮಟ್ಟಿಗೆ ಇಲ್ಲವಾದದ್ದು ದೊಡ್ಡ ಲಾಭವೇ.

ಆದರೆ ಹೊರೆಯ ಒಂದು ಭಾಗ ಜಾಗ ಬದಲಿಸಿದೆ. ಫಿಲ್ಮ್ ದುಬಾರಿಯಾಗಿದ್ದಾಗ ನಿರ್ದೇಶಕರು ತಾಲೀಮು ಮಾಡಿಸಿ, ಲೆಕ್ಕ ಹಾಕಿ ಕ್ಯಾಮೆರಾ ಓಡಿಸುತ್ತಿದ್ದರು. ಈಗ ಕ್ಯಾಮೆರಾ ಓಡುತ್ತಲೇ ಇರಬಹುದು. ದೃಶ್ಯ ಹೆಚ್ಚಿದಷ್ಟೂ ಅದನ್ನು ಶೇಖರಿಸುವ ಡಿಸ್ಕುಗಳು, ಸಂಕಲನ ಮತ್ತು ಗ್ರಾಫಿಕ್ಸ್ ಕೆಲಸಕ್ಕೆ ಹಗಲಿರುಳು ಓಡುವ ಕಂಪ್ಯೂಟರುಗಳು, ಅವನ್ನು ತಂಪಾಗಿಡುವ ಯಂತ್ರಗಳು ಹೆಚ್ಚುತ್ತವೆ. ಇವು ಬಳಸುವುದೂ ವಿದ್ಯುತ್ತನ್ನೇ. ಬೇಕಾದಷ್ಟನ್ನೇ ಚಿತ್ರಿಸುವ ಹಳೆಯ ಶಿಸ್ತು ಹೊಸ ಯಂತ್ರಕ್ಕೂ ಬೇಕು.

ಗಿಡ ನೆಟ್ಟರೆ ಸಾಕೇ?

2004ರಲ್ಲಿ ಹವಾಮಾನ ವೈಪರೀತ್ಯವನ್ನೇ ಕಥೆಯಾಗಿಸಿದ 'ದ ಡೇ ಆಫ್ಟರ್ ಟುಮಾರೊ' ಬಂತು. ಚಿತ್ರದ ತಯಾರಿಕೆಯಿಂದಾದ ಸುಮಾರು 10,000 ಟನ್ ಇಂಗಾಲದ ಡೈಆಕ್ಸೈಡನ್ನು ಸರಿದೂಗಿಸಲು ಗಿಡ ನೆಡುವುದೇ ಮೊದಲಾದ ಕೆಲಸಗಳಿಗೆ ನಿರ್ದೇಶಕರು ತಮ್ಮ ಸ್ವಂತ ಹಣ ಕೊಟ್ಟರು. ಇದು ಮೆಚ್ಚತಕ್ಕ ಕೆಲಸ. ಆದರೂ ಗಿಡ ನೆಡುವುದನ್ನೂ ಹೊಗೆ ಇಳಿಸುವುದನ್ನೂ ಒಂದೇ ಎಂದು ತಿಳಿಯಬಾರದು. ಡೀಸೆಲ್ ಇಂದು ಉರಿದು ಇಂದೇ ಗಾಳಿ ಸೇರುತ್ತದೆ. ಸಸಿ ಅಷ್ಟನ್ನು ಹೀರಿಕೊಳ್ಳಲು ಹಲವು ವರ್ಷ ಬೇಕು, ಅದೂ ಅದು ಬದುಕಿ ಉಳಿದರೆ. ಮುಹೂರ್ತದ ದಿನ ಛಾಯಾಚಿತ್ರಕ್ಕೆಂದು ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವವರು ಯಾರು? ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಅಳೆಯುವುದು, ಆಮೇಲೆ ಇಳಿಸುವುದು, ಇಳಿಸಲಾಗದೆ ಉಳಿದದ್ದಕ್ಕೆ ಮಾತ್ರ ಪರಿಹಾರ.

ವೆಚ್ಚದ ಮಾತೂ ಬರುತ್ತದೆ. ಸಣ್ಣ ನಿರ್ಮಾಪಕರಿಗೆ ಹೊಸ ದೀಪಗಳ ಬಾಡಿಗೆ, ದೊಡ್ಡ ಬ್ಯಾಟರಿಗಳ ಬಾಡಿಗೆ ಭಾರವಾಗಬಹುದು. ಸರ್ಕಾರದ ಸಹಾಯಧನ, ಅನುಮತಿಗಳು, ವಾಹಿನಿಗಳ ಒಪ್ಪಂದಗಳು ಇಲ್ಲಿ ಕೆಲಸ ಮಾಡಬಲ್ಲವು. ಬಿಬಿಸಿ ತನ್ನ ಕಾರ್ಯಕ್ರಮಗಳಿಗೆ ಇಂಗಾಲದ ಲೆಕ್ಕವನ್ನು ಕಡ್ಡಾಯ ಮಾಡಿರುವುದು ಇದಕ್ಕೊಂದು ಮಾದರಿ. ಆದರೆ ದೂರ ಕಡಿಮೆ ಮಾಡುವುದು, ಬಿಸಿಲನ್ನು ಬಳಸುವುದು, ಸೆಟ್ಟನ್ನು ಬಿಚ್ಚಿಡುವುದು, ಸ್ಟೀಲ್ ತಟ್ಟೆ ಲೋಟಗಳಲ್ಲಿ ಊಟ ಕಾಫಿ ಕೊಡುವುದು ಇವಕ್ಕೆ ಹೆಚ್ಚಿನ ಹಣ ಬೇಡ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ.

ನೀವೇ ಮಾಡಿ ನೋಡಿ

ನಿಮ್ಮ ಕಾಲೇಜಿನಲ್ಲಿ ಕಿರುಚಿತ್ರ ಮಾಡುವ ಗೆಳೆಯರಿದ್ದಾರೆಯೇ? ಅಥವಾ ವಾರ್ಷಿಕೋತ್ಸವದ ನಾಟಕ ನಡೆಯಲಿದೆಯೇ? ನಿಮ್ಮಲ್ಲಿ ಒಬ್ಬರು 'ಪರಿಸರ ಲೆಕ್ಕಿಗ'ರಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕೆಳಗಿನ ಪ್ರಶ್ನೆಗಳಿಗೆ ಕೆಲಸ ಆರಂಭವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಉತ್ತರ ಬರೆಯಿರಿ.

1. ಎಲ್ಲರೂ ಸೇರಿ ಒಟ್ಟು ಎಷ್ಟು ಕಿಲೋಮೀಟರ್ ಪ್ರಯಾಣ ಮಾಡಿದಿರಿ? ಯಾವ ವಾಹನದಲ್ಲಿ? ಎಷ್ಟು ಲೀಟರ್ ಇಂಧನ ಖರ್ಚಾಯಿತು? ಪೆಟ್ರೋಲ್ ಆದರೆ ಲೀಟರಿಗೆ ಸುಮಾರು 2.3 ಕಿಲೋಗ್ರಾಂ, ಡೀಸೆಲ್ ಆದರೆ 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಾಕಿ.

2. ಪ್ರತಿ ದೀಪ ಎಷ್ಟು ವ್ಯಾಟಿನದು, ಎಷ್ಟು ಗಂಟೆ ಉರಿಯಿತು? ವ್ಯಾಟನ್ನು ಗಂಟೆಯಿಂದ ಗುಣಿಸಿ 1,000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಕಿಟಕಿ ತೆರೆದು, ಬಿಳಿಯ ಬಟ್ಟೆ ಹಿಡಿದು, ಎಷ್ಟು ದೀಪಗಳನ್ನು ಆರಿಸಬಹುದಿತ್ತು?

3. ಹೊಸದಾಗಿ ಕೊಂಡ ಸಾಮಗ್ರಿ ಎಷ್ಟು, ಎರವಲು ತಂದದ್ದು ಎಷ್ಟು? ಕೊನೆಗೆ ಕಸವಾದದ್ದು ಎಷ್ಟು ಕಿಲೋಗ್ರಾಂ?

4. ಹೊರಾಂಗಣದಲ್ಲಿ ಚಿತ್ರಿಸಿದ್ದರೆ, ಆ ಜಾಗದ ಛಾಯಾಚಿತ್ರವನ್ನು ಹೋದೊಡನೆ ಒಂದು, ಹೊರಡುವಾಗ ಒಂದು ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಏನಾದರೂ ವ್ಯತ್ಯಾಸ ಕಂಡರೆ ಮರುದಿನವೇ ಹೋಗಿ ಸರಿಪಡಿಸಿ.

ಮೊದಲ ಚಿತ್ರದ ಲೆಕ್ಕವನ್ನು ಜೋಪಾನವಾಗಿಡಿ. ಎರಡನೆಯ ಚಿತ್ರದ ಯೋಜನೆಗೆ ಕುಳಿತಾಗ ಚಿತ್ರಕಥೆಯ ಪಕ್ಕದಲ್ಲಿ ಅದನ್ನೂ ತೆರೆದಿಟ್ಟುಕೊಳ್ಳಿ. ಎಲ್ಲಿ ಎಷ್ಟು ಇಳಿಸಬಹುದೆಂದು ಆಗ ನೀವೇ ಹೇಳಬಲ್ಲಿರಿ.